ಮುನ್ಶಿ ತುಳಜಾರಾಮನ ಗಿಡಸೇವೆ

ತುಳಜಾರಾಮನಿಗೆ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ. ಬೆನ್ನಿಗೆ ಏನೂ ಆಗಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕುಳಿತಾಗ, ಹೆಂಡತಿ ಮೀರಾಬಾಯಿಯ ಮೇಲೆ ಕೂಗಾಡುವಾಗ ಅದು ಕೋಲಿನಂತೆ ನೆಟ್ಟಗಿರುತ್ತಿತ್ತು. ಕಲ್ಯಾಣಿ ಊರಿನ ಕೋಟೆಯ ಕೆಳಗಿನ ಓಣಿಯಲ್ಲಿದ್ದ ಜಮೀನುದಾರ ದೇಶಮುಖರ ವಾಡೆಯ ಹೊಸ್ತಿಲು ದಾಟಿದೊಡನೆ ಬಾಗುತ್ತಿತ್ತು. ಆ ವಾಡೆಯಲ್ಲಿ ಅವನು ಹದಿನೆಂಟು ವರ್ಷದಿಂದ ಮುನ್ಶಿ. ಸರಕಾರಕ್ಕೆ ಉರ್ದುವಿನಲ್ಲಿ ಅರ್ಜಿ, ನೆಂಟರಿಷ್ಟರಿಗೆ ಮರಾಠಿಯಲ್ಲಿ ಕಾಗದ ಬರೆಯುವುದು ಅವನ ಕೆಲಸ. ಅಕ್ಷರ ಚೆಂದವಾಗಿದ್ದವು. ಅವನ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಅದೊಂದೇ. ಅದನ್ನು ಮೊದಲೇ ಹೇಳಿ ಮುಗಿಸುವುದು ಮೇಲು.

ಸಾವಿರದ ಒಂಬೈನೂರ ಮೂವತ್ತೇಳರ ದಸರೆಗೆ ಮೊದಲು ವಾಡೆಯ ಕಾರಭಾರಿ ಬಸವಣಪ್ಪ ತೀರಿಕೊಂಡ. ಹೊಲ, ಕಾಳು ತುಂಬುವ ಹಗೇವು, ಆಳುಕಾಳು ಎಲ್ಲದರ ಮೇಲೆ ಕಣ್ಣಿಟ್ಟಿದ್ದವನು ಅವನು. ಅವನ ಹೆಣ ಇನ್ನೂ ಮನೆಯೊಳಗಿರುವಾಗಲೇ ತುಳಜಾರಾಮ ಅವನ ಗಾದಿಯ ಒರಗುವ ಲೋಡನ್ನು ಒತ್ತಿ ನೋಡಿದ್ದ. ಆ ವಾರವೇ ಹುಮನಾಬಾದಕ್ಕೆ, ಹೆಂಡತಿಯ ತವರಿಗೆ ಹೋಗಿ, ಇನ್ನು ಕಾರಭಾರಿಕೆ ತನ್ನದೇ ಎಂದು ಸಾರಿಬಂದ. ಅಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಮೈದುನ ವೈಜನಾಥ ಗಜಕೋಲು ಕೆಳಗಿಟ್ಟು ನಕ್ಕ.

"ಹದಿನೆಂಟ ವರ್ಷದಿಂದ ಆಗಾಕತ್ತೀರಿ ಭಾವ. ಆದ ಮ್ಯಾಲ ಹೇಳಿಕಳಸ್ರಿ, ಹಾರ ತರ್ತೀನಿ."

ವಾಡೆಯ ಒಡತಿ ಜಿಜಾಬಾಯಿ ಐವತ್ತು ದಾಟಿದ ವಿಧವೆ. ಮಕ್ಕಳಿರಲಿಲ್ಲ. ಅವಳ ಕೋಣೆಯ ಕಿಟಕಿಯ ಕಟ್ಟೆಯಲ್ಲಿ, ಹಿಡಿಕೆ ಮುರಿದ ಚೀನೀ ಬಟ್ಟಲಿನಲ್ಲಿ ಒಂದು ಗಿಡವಿತ್ತು. ಪುಣೆಯಲ್ಲಿ ಓದುತ್ತಿದ್ದ ಅವಳ ತಮ್ಮ ಯಾವುದೋ ಸಾಹೇಬನ ತೋಟದಿಂದ ತಂದುಕೊಟ್ಟದ್ದು. ತಮ್ಮ ಆಮೇಲೆ ಹೆಚ್ಚು ದಿನ ಬದುಕಲಿಲ್ಲ. ಗಿಡ ಇಪ್ಪತ್ತು ವರ್ಷ ಬದುಕಿತ್ತು. ಮುಷ್ಟಿಯಷ್ಟೇ ಗಾತ್ರ. ದಪ್ಪನೆಯ, ಚೂಪಾದ, ಕಪ್ಪುಹಸಿರು ಎಲೆಗಳು. ಒಂದೊಂದು ಎಲೆಯ ಮೇಲೂ ಅಡ್ಡಡ್ಡ ಬಿಳಿಯ ಗೆರೆಗಳು, ಯಾರೋ ಸಜ್ಜೆಯ ಕಾಳು ಸಾಲಾಗಿ ಅಂಟಿಸಿದ ಹಾಗೆ. ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಪುಣೆ ಗಿಡ ಎನ್ನುತ್ತಿದ್ದರು.

ದೀಪಾವಳಿ ಮುಗಿಸಿ ಜಿಜಾಬಾಯಿ ಕಾಶಿಗೆ ಹೊರಟಳು. ಹುಮನಾಬಾದದ ಮೇಲಿಂದ ಬೀದರದವರೆಗೆ ಮೋಟಾರು, ಮುಂದೆ ರೈಲು. ಮರಳುವುದು ಶಿವರಾತ್ರಿಯ ಹೊತ್ತಿಗೆ. ಹೊರಡುವ ಮುಂಜಾನೆ ತುಳಜಾರಾಮನನ್ನು ಕರೆದು ಬಟ್ಟಲು ತೋರಿಸಿದಳು.

"ಇದಕ್ಕ ಏನೂ ಮಾಡಬ್ಯಾಡ. ಹದಿನೈದು ದಿನಕ್ಕೊಮ್ಮೆ ಒಂದು ಚಮಚ ನೀರು, ಅಷ್ಟ. ಬಂದು ನೋಡ್ತೀನಿ. ಇದನ್ನ ಸಂಭಾಳಿಸಿದಿ ಅಂದ್ರ, ಆಮ್ಯಾಲ ವಾಡೆ ಸಂಭಾಳಸೋ ಮಾತು."

ತುಳಜಾರಾಮ ನೆಲ ಮುಟ್ಟಿ ನಮಸ್ಕರಿಸಿದ. ಅವನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಉಳಿದದ್ದಕ್ಕೆ ಅವನು ಬೇರೆಯೇ ಅರ್ಥ ಮಾಡಿಕೊಂಡ. ನಮ್ಮ ಕಡೆಯ ಪಂಕ್ತಿಯಲ್ಲಿ ಉಂಡವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಸಾಕು ಸಾಕು ಎನ್ನುತ್ತಾರೆ. ಬಡಿಸುವವನು ಆ ಕೈ ಸರಿಸಿ ಇನ್ನೊಂದು ಹೋಳಿಗೆ ಹಾಕಬೇಕು, ಹಾಕದಿದ್ದರೆ ಮರ್ಯಾದೆ ಗೊತ್ತಿಲ್ಲದವನು. ಬೇಡ ಎಂದವರ ಮಾತನ್ನು ಮೀರುವುದೇ ಉಪಚಾರ. ತುಳಜಾರಾಮ ಜೀವನದಲ್ಲಿ ಕಲಿತ ವಿದ್ಯೆಯೆಲ್ಲ ಇಷ್ಟೇ. ಬಾಯಿಸಾಹೇಬರು ಏನೂ ಮಾಡಬೇಡ ಎಂದಿದ್ದಾರೆ. ಹಾಗಾದರೆ ಎಷ್ಟೊಂದು ಮಾಡಬೇಕಾಗಿದೆ!

ಬೇರೆ ಯಾರೂ ಸೇವೆಯ ಪುಣ್ಯ ಕದಿಯದಿರಲೆಂದು ಬಟ್ಟಲನ್ನು ಅಂದೇ ತನ್ನ ಮನೆಗೆ ತಂದ. ತುಳಸಿಯ ಪಕ್ಕದಲ್ಲಿಟ್ಟ. ದಿನಾ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಒಂದು ಚರಗಿ ನೀರು ತುಳಸಿಗೆ, ಒಂದು ಚರಗಿ ಪುಣೆ ಗಿಡಕ್ಕೆ. ಸೋಮವಾರ ಮಜ್ಜಿಗೆ. ಗುರುವಾರ ಶೇಂಗಾದ ಹಿಂಡಿ ನೆನೆಸಿದ ನೀರು. ಚಳಿಗಾಲದ ಧೂಳು ಬಿದ್ದರೆ ಒದ್ದೆ ಅರಿವೆಯಿಂದ ಎಲೆ ಒರೆಸುತ್ತಿದ್ದ.

"ಬಾಯಿಸಾಹೇಬ್ರು ಚಮಚ ಅಂದಿದ್ರಂತಲ್ರೀ?" ಎಂದಳು ಮೀರಾಬಾಯಿ.

"ನಿನಗೇನ ತಿಳೀತದ? ದೊಡ್ಡೋರು ಚಮಚ ಅಂದ್ರ ನಾವು ಚರಗಿ ಅಂತ ತಿಳಕೋಬೇಕು."

ಅವನ ಅಂಗಳವನ್ನೂ ವಾಡೆಯ ದನದ ಕೊಟ್ಟಿಗೆಯನ್ನೂ ಗುಡಿಸುತ್ತಿದ್ದವಳು ಸರ್ವರಿ. ಅವಳೂ ವಿಧವೆ. ನಾಲಿಗೆ ಮಾತ್ರ ಯಾರ ಹಂಗಿನಲ್ಲೂ ಇರಲಿಲ್ಲ. ಕಸಬರಿಗೆ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತು ಆ ಅಭಿಷೇಕ ನೋಡಿದಳು.

"ಮುನ್ಶೀಜಿ, ಅದು ಉಸುಕಿನಾಗಿನ ಒಂಟೀ ಜಾತಿದು. ಒಂಟಿಗಿ ಈಜು ಕಲಸಾಕತ್ತೀರೇನು?"

"ನೀ ಕಸ ಗುಡಸು."

"ಗುಡಸ್ತೀನಿ. ನಾಳಿಗಿ ಅದೂ ಕಸದಾಗೇ ಬರ್ತದ, ಆಗ ಅದನ್ನೂ ಗುಡಸ್ತೀನಿ."

ಮೂರನೆಯ ವಾರಕ್ಕೆ ಎಲೆಗಳು ಉಬ್ಬಿ ಗಾಜಿನಂತಾದವು. ಗಿಡ ಮೈತುಂಬಿಕೊಂಡಿತು ಎಂದು ತುಳಜಾರಾಮ ಓಣಿಯವರನ್ನೆಲ್ಲ ಕರೆದು ತೋರಿಸಿದ; ನೀರು ಇನ್ನೊಂದು ಚರಗಿ ಹೆಚ್ಚಿಸಿದ. ಐದನೆಯ ವಾರಕ್ಕೆ ಬುಡ ಕಂದು ಬಣ್ಣಕ್ಕೆ ತಿರುಗಿತು, ಹಳಸಿದ ಗಂಜಿಯ ವಾಸನೆ ಬಂತು. ಬಟ್ಟಲನ್ನು ಶಾಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹುಮನಾಬಾದದ ಮೋಟಾರು ಹತ್ತಿದ. ಅಲ್ಲಿ ಗಿಡಮೂಲಿಕೆ ಬಲ್ಲ ಒಬ್ಬ ಮುದಿ ಹಕೀಮರಿದ್ದರು. ಅವರು ಕನ್ನಡಕ ಹಣೆಗೇರಿಸಿ, ಎಲೆ ಮುಟ್ಟಿ, ಬುಡ ಮೂಸಿ ನೋಡಿದರು.

"ಹೊಟ್ಟಿ ಬಾತದ. ಮಣ್ಣ ಝಾಡಿಸಿ, ನೆರಳಾಗ ಉಪವಾಸ ಕೆಡವ್ರಿ."

"ದವಾ?"

"ಇದೇ ದವಾ."

"ಏನರ ಹಚ್ಚೋದು, ಕುಡಿಸೋದು..."

"ಕುಡಿಸಿದ್ದಕ್ಕೇ ಹಿಂಗಾಗ್ಯದ ಸಾಹೇಬ್ರ."

ಅರೆಯುವುದು, ಕುದಿಸುವುದು, ಪಥ್ಯ ಏನೂ ಇಲ್ಲದ ಈ ಚಿಕಿತ್ಸೆ ತುಳಜಾರಾಮನಿಗೆ ಅವಮಾನವೆನಿಸಿತು. ಮುದುಕನಿಗೆ ಏನೂ ತಿಳಿಯದು ಎಂದುಕೊಂಡು ಎದ್ದ. ದಾರಿಯಲ್ಲಿ, ಇದ್ದ ಮಣ್ಣು ಒಣಗೀತೆಂದು ಒಂದು ಬಾವಿಯ ಬಳಿ ಮೋಟಾರು ನಿಂತಾಗ ಮತ್ತೆ ನೀರು ಹನಿಸಿದ. ಕಲ್ಯಾಣಿ ಎರಡು ಹರದಾರಿ ಇರುವಾಗ ಮೋಟಾರು ಒಂದು ತಗ್ಗಿಗೆ ಬಿದ್ದೆದ್ದಿತು. ಗಿಡದ ತಲೆ ಬುಡದಿಂದ ಕಳಚಿ ಅವನ ತೊಡೆಯ ಮೇಲೆ ಉರುಳಿತು.

ಮನೆಗೆ ಬಂದವನೇ ಅದನ್ನು ಹಿತ್ತಲಿನ ಗೋಡೆಯಾಚೆ ತಿಪ್ಪೆಗೆ ಎಸೆದ. ಆಮೇಲೆ ಗೋಡೆಗೊರಗಿ ಕುಳಿತು ಅತ್ತ. ಹದಿನೆಂಟು ವರ್ಷ ಬಗ್ಗಿದ್ದು ವ್ಯರ್ಥವಾಯಿತು, ಗಾದಿ ಇನ್ನೊಬ್ಬನ ಪಾಲಾಯಿತು ಎಂದು ಅತ್ತ. ಸತ್ತ ತಮ್ಮನ ನೆನಪನ್ನು ಒಬ್ಬ ಹೆಂಗಸು ಇಪ್ಪತ್ತು ವರ್ಷ ಚಮಚದಲ್ಲಿ ನೀರೆರೆದು ಉಳಿಸಿಕೊಂಡಿದ್ದಳು ಎಂಬುದು ಅವನಿಗೆ ಹೊಳೆಯಲೂ ಇಲ್ಲ.

ಬೆಳಿಗ್ಗೆ ತಿಪ್ಪೆಯ ಮೇಲೆ ಅದನ್ನು ಕಂಡವಳು ಸರ್ವರಿ. ಎತ್ತಿಕೊಂಡು ಹೋಗಿ, ಕೊಳೆತದ್ದನ್ನೆಲ್ಲ ಕುಡಗೋಲಿನ ಮೊನೆಯಿಂದ ಕೆತ್ತಿ ತೆಗೆದಳು. ಹಸಿಗಾಯಕ್ಕೆ ಒಲೆಯ ಬೂದಿ ಒತ್ತಿದಳು. ಕರಿದಾರ ಕಟ್ಟಿ ಬಾಗಿಲ ಪಟ್ಟಿಗೆ ತಲೆಕೆಳಗಾಗಿ ತೂಗುಹಾಕಿದಳು. ಕಲ್ಯಾಣಿಯಲ್ಲಿ ಹಿಂದೂ ಮುಸಲ್ಮಾನರೆನ್ನದೆ ಬಾಗಿಲಿಗೆ ದೃಷ್ಟಿಗೆಂದು ಲೋಳಸರವನ್ನು ಹಾಗೇ ತೂಗುಹಾಕುತ್ತಾರೆ. ಮಣ್ಣಿಲ್ಲದೆ, ನೀರಿಲ್ಲದೆ ಅದು ತಿಂಗಳುಗಟ್ಟಲೆ ಇರುತ್ತದೆ. ತಲೆಕೆಳಗಾಗಿದ್ದರೂ ಎಲೆಯ ತುದಿಯನ್ನು ಮೆಲ್ಲಗೆ ಬೆಳಕಿನ ಕಡೆ ತಿರುಗಿಸುತ್ತದೆ. ಸರ್ವರಿಗೆ ಗೊತ್ತಿದ್ದದ್ದು ಅಷ್ಟೇ, ಬೇಕಾದದ್ದೂ ಅಷ್ಟೇ. ಇಪ್ಪತ್ತು ದಿನಕ್ಕೆ ಗಾಯ ಒಣಗಿ, ಬೂದಿಯ ನಡುವೆ ಅಕ್ಕಿಯ ನುಚ್ಚಿನಂಥ ಬೇರು ಮೂಡಿತು. ಒಡೆದ ಕುಡಿಕೆಯಲ್ಲಿ ಇಟ್ಟಿಗೆಯ ಪುಡಿ, ಹಳ್ಳದ ಮರಳು ತುಂಬಿ ಅದನ್ನು ಕೂಡಿಸಿದಳು. ಮತ್ತೆ ಅದರ ಗೊಡವೆಗೆ ಹೋಗಲಿಲ್ಲ.

ಇತ್ತ ತುಳಜಾರಾಮನ ತಲೆ ಓಡಿತು. ಕೋಟೆಯ ಕಂದಕದ ಬದಿಯಲ್ಲಿ ಲೋಳಸರ ಬೇಕಾದಷ್ಟು ಬೆಳೆದಿತ್ತು. ಅದರ ಒಂದು ಮರಿ ಕಿತ್ತು ಚೀನೀ ಬಟ್ಟಲಿನಲ್ಲಿ ನೆಟ್ಟ. ಎಲೆಯಡಿಕೆಯ ಸುಣ್ಣಕ್ಕೆ ಜಾಲಿಯ ಅಂಟು ಕಲಸಿ, ಬೋರು ಲೇಖನಿಯಿಂದ ಒಂದೊಂದು ಎಲೆಗೂ ಅಡ್ಡಗೆರೆ ಎಳೆದ. ಒಳ್ಳೆಯ ಅಕ್ಷರದ ಕೈ. ಗೆರೆಗಳು ಒಂದರಂತೆ ಒಂದು ಬಂದವು. ಕೆಲಸ ಮುಗಿಸಿ ದೂರ ಸರಿದು ನೋಡಿದ. ಮೊದಲಿನದಕ್ಕಿಂತ ಇದೇ ಚೆಂದವೆನಿಸಿತು.

ಜಿಜಾಬಾಯಿ ಬರಲು ಎಂಟು ದಿನ ಇರುವಾಗ ಸರ್ವರಿ ಸೆರಗಿನಲ್ಲಿ ಕುಡಿಕೆ ಮುಚ್ಚಿಕೊಂಡು ಬಂದಳು.

"ತಗೋರಿ ಮುನ್ಶೀಜಿ. ಬಾಯಿಸಾಹೇಬ್ರು ನಿಮ್ಮ ಕೈಯಾಗ ಇಟ್ಟ ಅಮಾನತು. ಬದುಕ್ಯದ."

ತುಳಜಾರಾಮ ಬಗ್ಗಿ ನೋಡಿದ. ಗಿಡ ಅರ್ಧಕ್ಕರ್ಧ ಸೊರಗಿತ್ತು. ಹೊರಗಿನ ಎಲೆಗಳು ಒಣಗಿ ಮುದುಡಿದ್ದವು. ನಡುವೆ ಮಾತ್ರ ಐದಾರು ಎಲೆ ಗಟ್ಟಿಯಾಗಿ, ಬಿಳಿಗೆರೆ ಹೊತ್ತು ನಿಂತಿದ್ದವು.

"ಇದೇನ ಸುಟ್ಟ ಬದನೀಕಾಯಿ ತಂದಿ? ಇದನ್ನ ತೋರಿಸಿದ್ರ ನನ್ನ ಸೇವಾ ಏನಂತ ತಿಳೀತಾರ ಅವ್ರು? ಅಲ್ಲಿ ನೋಡು." ಅವನು ಕಟ್ಟೆಯ ಮೇಲಿನ ಬಟ್ಟಲು ತೋರಿಸಿದ.

ಸರ್ವರಿ ನೋಡಿದಳು, ಹತ್ತಿರ ಹೋಗಿ ಮತ್ತೆ ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡಳು.

"ಯಾ ಅಲ್ಲಾ! ಲೋಳಸರಕ್ಕ ಲಗ್ನದ ಮದುಮಗನ ಸಿಂಗಾರ ಬಂತಲ್ರೀ!"

"ಯಾರ ಮುಂದರ ಬಾಯಿ ಬಿಟ್ಟಿ ಅಂದ್ರ..."

"ನಾ ಯಾರಿಗಿ ಹೇಳ್ಲಿ? ನನ್ನ ಮಾತು ಕೇಳೋರು ಯಾರು? ನೀವೇ ಕೇಳ್ಲಿಲ್ಲ." ಕುಡಿಕೆಯನ್ನು ಮತ್ತೆ ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಜಿಜಾಬಾಯಿ ಗಂಗಾಜಲದ ಗಿಂಡಿಗಳೊಡನೆ ಇಳಿದಳು. ಸೊರಗಿದ್ದಳು. ಕಾಲು ತೊಳೆದವಳೇ ಕೋಣೆಯ ಕಿಟಕಿಗೆ ಹೋದಳು. ಹಿಂದಿನ ದಿನವೇ ಬಟ್ಟಲನ್ನು ಅಲ್ಲಿ ತಂದಿಟ್ಟಿದ್ದ ತುಳಜಾರಾಮ ಬಾಗಿಲಲ್ಲಿ ಬಗ್ಗಿ ನಿಂತಿದ್ದ. ಅವಳು ಬಟ್ಟಲು ಎತ್ತಿ, ರೂಢಿಯಂತೆ ಎಲೆಯ ಮೇಲೆ ಹೆಬ್ಬೆರಳು ಆಡಿಸಿದಳು. ಬೆರಳು ಬೆಳ್ಳಗಾಯಿತು.

"ಇದು ಏನು ತುಳಜಾರಾಮ?"

"ಪುಣೆ ಗಿಡ ಬಾಯಿಸಾಹೇಬ್ರ. ಸೇವಾದಿಂದ ದಪ್ಪ ಆಗ್ಯದ್ರಿ."

"ಪುಣೆ ಗಿಡದ್ದು ಕೈಗಿ ಹತ್ತತದೇನು?"

ಅವನು ಧೊಪ್ಪನೆ ನೆಲಕ್ಕೆ ಬಿದ್ದು ಅವಳ ಕಾಲು ಹಿಡಿದ. ಅಳುತ್ತ ಚರಗಿ, ಮಜ್ಜಿಗೆ, ಹಕೀಮ, ಮೋಟಾರು ಎಲ್ಲ ಹೇಳಿದ. ಜಿಜಾಬಾಯಿ ಬಹಳ ಮೆಲ್ಲಗೆ ಕೇಳಿದಳು:

"ಖರೇ ಗಿಡ ಎಲ್ಲದ?"

ಎರಡು ಓಣಿಯಾಚೆ ಸರ್ವರಿಯ ಬಾಗಿಲಲ್ಲಿದೆ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಹೇಳಿದ್ದರೆ ಆ ಹೆಂಗಸಿಗೆ ತಮ್ಮನ ಗಿಡ ಸಿಗುತ್ತಿತ್ತು. ಆದರೆ ಕಸಗುಡಿಸುವವಳು ಉಳಿಸಿದ್ದನ್ನು ತಾನು ಬೇಡವೆಂದೆ ಎಂದೂ ಹೇಳಬೇಕಾಗುತ್ತಿತ್ತು. ತುಳಜಾರಾಮ ಉಸಿರು ನುಂಗಿದ.

"ಸತ್ತುಹೋತ್ರಿ."

ಜಿಜಾಬಾಯಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹಾಗಿದ್ದಷ್ಟು ಹೊತ್ತು ಅವಳನ್ನು ಕಂಡು ಕನಿಕರಪಡಬಹುದಿತ್ತು. ತಿರುಗಿದಾಗ ಅವಳ ಮುಖ ಜಮೀನುದಾರಳದಾಗಿತ್ತು. ಸತ್ತ ಬಸವಣಪ್ಪ ಅವಳ ತಪ್ಪನ್ನು ಅವಳೆದುರೇ ತಪ್ಪು ಎನ್ನುತ್ತಿದ್ದ. ರೈತರ ಹೊಲ ಕಸಿಯುವ ಮಾತಿಗೆ ಎರಡು ಸಲ ಒಲ್ಲೆ ಎಂದಿದ್ದ. ಅಂಥವನು ಇನ್ನೊಬ್ಬ ಅವಳಿಗೆ ಬೇಕಿರಲಿಲ್ಲ. ಕಾಲಡಿ ಬಿದ್ದವನನ್ನು ತಲೆಯಿಂದ ಕಾಲಿನವರೆಗೆ ಅಳೆದಳು.

"ಏಳು. ನಾಳಿಂದ ಹಗೇವಿನ ಕೀಲಿಕೈ ನೀ ಇಟ್ಟುಕೋ."

ತುಳಜಾರಾಮನಿಗೆ ಅರ್ಥವಾಗಲಿಲ್ಲ.

"ಇಷ್ಟು ಅಂಜೋನೇ ನನಗ ಬೇಕಾಗಿದ್ದ. ಮತ್ತ ಕೇಳು. ಈ ಬಟ್ಟಲ ಹೊರಗ ಬೈಠಕದಾಗ ಇಡು. ಗೆರಿ ಅಳಿಸಿದಂಗೆಲ್ಲ ನೀನೇ ಬರಿ. ಯಾರರ ಕೇಳಿದ್ರ ಪುಣೆ ಗಿಡ ಅಂತ ಹೇಳು. ನಾ ಕೇಳಸ್ಕೋತಿರ್ತೀನಿ."

ಹೀಗೆ ಅವನು ಕಾರಭಾರಿಯಾದ. ಮುಂದಿನ ಬೇಸಿಗೆಯಲ್ಲೇ ಮೂವರು ರೈತರ ಹೊಲ ಬಿಡಿಸುವ ಕಾಗದ ಬರೆದ, ಮುದ್ದಾದ ಅಕ್ಷರದಲ್ಲಿ. ಸರ್ವರಿಯ ಕುಡಿಕೆಯಲ್ಲಿ ಪುಣೆ ಗಿಡ ಮರಿ ಹಾಕಿತು. ಕೇಳಿದವರಿಗೆ ಅವಳು ಒಂದೊಂದು ಕಿತ್ತುಕೊಟ್ಟಳು. ಅವಳ ಓಣಿಯ ಎಷ್ಟೋ ಕಿಟಕಿಗಳಲ್ಲಿ ಅದು ಸದ್ದಿಲ್ಲದೆ ಕುಳಿತಿತು. ವಾಡೆಯವರು ಆ ಓಣಿಗೆ ಕಾಲಿಡುತ್ತಿರಲಿಲ್ಲವಾದ್ದರಿಂದ ಜಿಜಾಬಾಯಿ ಅದನ್ನು ಕೊನೆಗೂ ನೋಡಲಿಲ್ಲ.

ಬೈಠಕದ ಲೋಳಸರ ತನ್ನ ಗುಣದಂತೆ ಬೆಳೆಯಿತು. ಬಟ್ಟಲು ಸೀಳಿತು, ಗಡಿಗೆ ಸೀಳಿತು. ಆರನೆಯ ವರ್ಷಕ್ಕೆ ದನಕ್ಕೆ ನೀರಿಡುವ ಕಲ್ಲಿನ ದೋಣಿಯಲ್ಲಿ ಸೊಂಟದೆತ್ತರಕ್ಕೆ ಹರಡಿ ಕುಳಿತಿತು. ಬೋರು ಸಾಲದಾಯಿತು. ತುಳಜಾರಾಮ ಪ್ರತಿ ಸೋಮವಾರ ಗೋಡೆ ಬಳಿಯುವ ಕುಂಚ ಹಿಡಿದು, ತೋಳುದ್ದದ ಎಲೆಗಳಿಗೆ ಸುಣ್ಣ ಎಳೆಯುತ್ತಿದ್ದ. ಮುಳ್ಳು ತರಚಿ ಮೊಣಕೈ ಸದಾ ಕೆಂಪಗಿರುತ್ತಿತ್ತು. ಮೊದಮೊದಲು ನಾಚುತ್ತಿದ್ದನೋ ಏನೋ. ಆಮೇಲೆ ಯಾರಾದರೂ ನೋಡುತ್ತಿದ್ದರೆ ಇನ್ನಷ್ಟು ಒಪ್ಪವಾಗಿ ಎಳೆಯುತ್ತಿದ್ದ.

ಒಂದು ಸೋಮವಾರ ಚಿಟಗುಪ್ಪದಿಂದ ಬಂದ ಸಾಹುಕಾರರೊಬ್ಬರು ಚಹಾ ಕುಡಿಯುತ್ತ ಅದನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾಗಲಿಲ್ಲ.

"ಅಲ್ರೀ ಕಾರಭಾರಿ, ಇದು ಲೋಳಸರ ಅಲ್ಲೇನು?"

ಒಳಗಿನ ಪರದೆಯ ಹಿಂದೆ ಬಳೆಯಿಲ್ಲದ ಕೈಯೊಂದು ಅಲುಗದೆ ನಿಂತಿತು. ತುಳಜಾರಾಮ ಸೊಂಟ ಬಗ್ಗಿಸಿ ಪರದೆಗೊಮ್ಮೆ ನಮಸ್ಕರಿಸಿದ. ಆಮೇಲೆ ಅತಿಥಿಯ ಕಡೆ ತಿರುಗಿ, ತಿಳಿಯದವರಿಗೆ ತಿಳಿಸಿ ಹೇಳುವವನ ದೊಡ್ಡತನದಿಂದ ನಕ್ಕ.

"ನಿಮ್ಮ ಚಿಟಗುಪ್ಪದಾಗ ಹಂಗಂತಾರ್ರಿ. ಇದು ಪುಣೆದು. ನಾನೇ ಬೆಳಸೀನಿ."

ಹಾಗೆಂದು ಸುಣ್ಣದ ಗಡಿಗೆ ಹತ್ತಿರ ಎಳೆದುಕೊಂಡು ಮುಂದಿನ ಎಲೆಗೆ ಕೈಹಾಕಿದ.