ಯಾವ ಹಗೇದವ್ರು ನೀವು?

ಧಾರವಾಡದಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ ಮೊದಲು ನೀರು ಕೊಡುತ್ತಾರೆ, ಆಮೇಲೆ ಅಡ್ಡಹೆಸರು ಕೇಳುತ್ತಾರೆ. ಎರಡನ್ನೂ ಅಷ್ಟೇ ನಯವಾಗಿ. ಜಾತಿ ಕೇಳುವುದು ಅಸಭ್ಯ ಎಂದು ಈ ಊರು ಎಂದೋ ತೀರ್ಮಾನಿಸಿಬಿಟ್ಟಿದೆ, ಅದಕ್ಕೇ ಅಡ್ಡಹೆಸರು ಕೇಳುತ್ತದೆ. ಈ ಸಭ್ಯತೆಯ ಮೇಲೆ ನನಗೆ ಎಷ್ಟು ಸಿಟ್ಟಿದೆಯೆಂದರೆ, ಎದುರಿನವರು ಬಾಯಿ ತೆರೆಯುವ ಮೊದಲೇ ನಾನು ಹಲ್ಲು ಕಡಿಯಲು ಶುರು ಮಾಡಿರುತ್ತೇನೆ.

ನಮ್ಮ ಅಡ್ಡಹೆಸರು ಹಗೇದ. ನಮ್ಮ ಕಡೆ ಅಡ್ಡಹೆಸರುಗಳಿಗೇನೂ ಬರವಿಲ್ಲ. ಅಕ್ಕಿ, ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂದು ನಾನು ಹೈಸ್ಕೂಲಿನಲ್ಲಿ ಹಾಜರಿ ಕರೆಯುವಾಗ ಒಂದು ಹೊತ್ತಿನ ಅಡುಗೆಗೆ ಬೇಕಾದ ಸಾಮಾನೆಲ್ಲ ಬಂದುಹೋಗುತ್ತದೆ. ಆದರೆ ಇಷ್ಟು ವರ್ಷದ ನೌಕರಿಯಲ್ಲಿ ಇನ್ನೊಬ್ಬ ಹಗೇದ ನನ್ನ ತರಗತಿಗೆ ಬಂದಿಲ್ಲ. ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಆಳವಾದ ಕುಳಿ. ಅದರ ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಈಗ ಹಗೇವುಗಳಿಲ್ಲ. ಹೆಸರು ಮಾತ್ರ ಉಳಿದಿದೆ, ಅದೂ ನನಗೆ ಗೊತ್ತಿರುವಂತೆ ಎರಡೇ ಮನೆತನಗಳಲ್ಲಿ. ಎರಡೂ ಉಪ್ಪಿನಬೆಟಗೇರಿ ದಾಟಿ ಹೋದರೆ ಸಿಗುವ ಒಂದೇ ಹಳ್ಳಿಯವು.

ಒಂದು ಮನೆತನದವರಿಗೆ ಮನೆಯ ಮುಂದೆಯೇ ಸಾಲು ಹಗೇವುಗಳಿದ್ದವು. ಅವರ ಮೊಮ್ಮಕ್ಕಳು ಈಗ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ, ಬೋರ್ಡಿನ ಮೇಲೆ ನನ್ನ ಅಡ್ಡಹೆಸರು ರಾತ್ರಿ ಕೆಂಪು ದೀಪದಲ್ಲಿ ಹೊಳೆಯುತ್ತದೆ. ಇನ್ನೊಂದು ಮನೆತನದವರು ಆ ಹಗೇವುಗಳಿಗೆ ಇಳಿಯುತ್ತಿದ್ದವರು. ಅದು ನಾವು.

ಹಗೇವು ತೆಗೆದ ಕೂಡಲೇ ಒಳಗೆ ಇಳಿಯುವಂತಿಲ್ಲ. ತಿಂಗಳುಗಟ್ಟಲೆ ಮುಚ್ಚಿದ ಕುಳಿಯಲ್ಲಿ ಗಾಳಿ ಕೆಟ್ಟಿರುತ್ತದೆ, ಉಸಿರು ಕಟ್ಟುತ್ತದೆ. ಕಲ್ಲು ಸರಿಸಿ ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬೇಕು, ಆರಿದರೆ ಕಾಯಬೇಕು. ನನ್ನ ಅಪ್ಪನ ಅಜ್ಜ ಇಳಿದ ದಿನ ಹಗೇವಿನ ಒಡೆಯರ ದೊಡ್ಡಮನೆಯಲ್ಲಿ ಮದುವೆಯ ಗಡಿಬಿಡಿ. ಬೀಗರು ಬಂದು ಕೂತಿದ್ದರು, ಜೋಳ ಬೀಸುವುದಿತ್ತು. ದೀಪ ಆರಿತು. ಮತ್ತೊಮ್ಮೆ ಹಚ್ಚಿ ಬಿಟ್ಟರು, ಮತ್ತೆ ಆರಿತು. ಮೇಲಿನ ಗಾಳಿಗೆ ಆರಿರಬೇಕು ಇಳಿ ಎಂದು ದೊಡ್ಡಮನೆಯವರು ಹೇಳಿದರು. ಅವನು ಇಳಿದ. ಮೇಲಿನಿಂದ ಕೂಗಿದರೆ ಓಗೊಡಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಹಗ್ಗ ಜಗ್ಗಿ ಮೇಲೆ ತಂದಾಗ ಅವನಲ್ಲಿ ಉಸಿರಿರಲಿಲ್ಲ.

ಮದುವೆ ನಿಲ್ಲಲಿಲ್ಲ. ಮರುದಿನ ಅದೇ ಹಗೇವಿನ ಜೋಳದ ರೊಟ್ಟಿಯನ್ನು ಬೀಗರು ಉಂಡರು. ಇದನ್ನು ನಾನು ಅವ್ವನ ಬಾಯಿಂದ ಎಷ್ಟು ಸಲ ಕೇಳಿದ್ದೇನೋ, ಪ್ರತಿ ಸಲ ಆ ರೊಟ್ಟಿಯ ಹತ್ತಿರ ಬಂದಾಗ ನನ್ನ ಮೈ ಉರಿಯುತ್ತದೆ. ಆಮೇಲೆ ಊರವರು ನಮ್ಮ ಮನೆಗೆ ‘ಹಗೇದಾಂವನ ಮನಿ’ ಎನ್ನತೊಡಗಿದರು. ಸತ್ತವನ ಮಗನನ್ನು ಸಾಲಿಗೆ ಹಚ್ಚಿದಾಗ ಮಾಸ್ತರರು ಹೆಸರಿನ ಮುಂದೆ ಹಗೇದ ಎಂದು ಬರೆದುಕೊಂಡರು. ಇಷ್ಟೇ ನಮ್ಮ ಅಡ್ಡಹೆಸರಿನ ಮೂಲ.

ಇದರ ಅರ್ಥ ಇಂಟರ್‌ನೆಟ್ಟಿಗೆ ನನಗಿಂತ ಚೆನ್ನಾಗಿ ಗೊತ್ತಿದೆಯಂತೆ. ಒಂದು ದಿನ ಮಗಳು ಮೊಬೈಲು ಹಿಡಿದುಕೊಂಡು ಬಂದಳು. ಹೆಸರುಗಳ ಅರ್ಥ ಹೇಳುವ ಯಾವುದೋ ತಾಣದಲ್ಲಿ ನಮ್ಮದೂ ಇತ್ತು. ಬಹಳ ಅಪರೂಪದ ಹೆಸರು, ಅರ್ಥ ಕಣಜದ ಒಡೆಯ, ಈ ಹೆಸರಿನವರು ಉದಾರಿಗಳು, ಅದೃಷ್ಟದ ಬಣ್ಣ ಹಳದಿ. ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಒಡೆಯನಿಗೆ ಬಣ್ಣ ಕೂಡ ಸಿಕ್ಕಿದೆ, ಒಳಗೆ ಇಳಿದವನಿಗೆ ಒಂದು ಸಾಲೂ ಇಲ್ಲ.

ಹೋದ ವರ್ಷ ಅವ್ವನ ಮೊಣಕಾಲುಗಳು ಪೂರ್ತಿ ಕೈಕೊಟ್ಟವು. ನಾವಿರುವುದು ಹುಬ್ಬಳ್ಳಿಯ ಗಬ್ಬೂರಿನ ಹತ್ತಿರ, ಮೂರನೆಯ ಮಹಡಿಯಲ್ಲಿ. ಕಟ್ಟಿದವನು ಲಿಫ್ಟಿಗೆ ಜಾಗ ಬಿಟ್ಟಿದ್ದಾನೆ, ಲಿಫ್ಟು ಹಾಕಿಸಿಲ್ಲ. ಒಮ್ಮೆ ಕೆಳಗಿಳಿದರೆ ಮತ್ತೆ ಏರಬೇಕಲ್ಲ ಎಂದು ಅವ್ವ ಇಳಿಯುವುದನ್ನೇ ಬಿಟ್ಟಳು. ಮನುಷ್ಯರ ನಡುವೆ ಕಟ್ಟೆಯ ಮೇಲೆ ಕೂತು ಬಾಳಿದ ಹೆಂಗಸು ಈಗ ಕಿಟಕಿಯಿಂದ ಬೈಪಾಸಿನ ಲಾರಿಗಳನ್ನು ನೋಡುತ್ತ ಕೂರುತ್ತಿದ್ದಳು. ನನ್ನ ಸಾಲೆ ಇರುವ ಧಾರವಾಡದಲ್ಲೇ ನೆಲಮಟ್ಟದ ಮನೆ ಹುಡುಕಲು ಹೊರಟೆ. ಹೋದಲ್ಲೆಲ್ಲ ನೀರು, ಆಮೇಲೆ ಅಡ್ಡಹೆಸರು. ಕೊನೆಗೆ ತಂಗಿಯ ಮಗನಿಗೆ ಕೊಡುವುದಿದೆ ಎಂಬ ಉತ್ತರ. ಈ ಊರಿನಲ್ಲಿ ತಂಗಿಯ ಮಕ್ಕಳಷ್ಟು ಮನೆ ಹಿಡಿದವರು ಬೇರೆ ಯಾರೂ ಇರಲಿಕ್ಕಿಲ್ಲ.

ಕೊನೆಗೊಂದು ಮನೆ ಸಿಕ್ಕಿತು. ನಿವೃತ್ತ ಅಧಿಕಾರಿಯೊಬ್ಬರದು, ಅವರು ಹಿಂದಿನ ಮನೆಯಲ್ಲಿದ್ದರು, ಮುಂದಿನದು ಬಾಡಿಗೆಗೆ. ಒಂದೇ ಒಂದು ಮೆಟ್ಟಿಲು, ಅಂಗಳದಲ್ಲಿ ಕರಿಬೇವಿನ ಗಿಡ, ಬಾಗಿಲ ಪಕ್ಕ ಕಲ್ಲಿನ ಕಟ್ಟೆ. ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಒಳಗೆ ಬರುವ ಮೊದಲೇ ಕಟ್ಟೆಯ ಮೇಲೆ ಕೂತು ಅದನ್ನು ಕೈಯಿಂದ ಸವರಿದಳು. ಓಣಿಯ ಹೆಂಗಸೊಬ್ಬಳು ದಾಟಿಹೋಗುವಾಗ ಊಟ ಆತೇನ್ರಿ ಎಂದು ಕೇಳಿಯೂಬಿಟ್ಟಳು. ಅವ್ವನ ಮುಖ ಅಷ್ಟು ಅರಳಿದ್ದನ್ನು ಬಹಳ ದಿನದಿಂದ ನೋಡಿರಲಿಲ್ಲ.

ಮಾಲೀಕರು ನೀರು ಕೊಟ್ಟರು. ಆಮೇಲೆ ಕೇಳಿದರು. ನಾನು ಹಗೇದ ಎಂದೆ.

‘ದುರ್ಗದಬೈಲ್ ಹಗೇದವ್ರೇನ್ರಿ? ಹಂಗಾರ ನಮ್ಮ ಪೈಕಿನ ಆದ್ರಲ್ಲ ಮಾಸ್ತರ!’

ಒಳಗೆ ಚಹಾ ಚೂಡಾ ತರಲು ಹೇಳಿಯೂ ಆಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಹೇಳಿಬಿಟ್ಟಳು, ‘ಅವರಲ್ರಿ. ಅವರ ಹಗೇವಿಗೆ ಇಳಿಯೋ ಮಂದಿರಿ ನಾವು.’

ತಂಗಿಯ ಮಗ ಈಗ ಬರುತ್ತಾನೆ ಎಂದು ನಾನು ಚೀಲ ಎತ್ತಿಕೊಂಡೆ. ಅವನು ಬರಲಿಲ್ಲ. ಮಾಲೀಕರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

‘ನಂದೇನೂ ಇಲ್ರಿ ಮಾಸ್ತರ. ಈಗ ಅವೆಲ್ಲಾ ಯಾರ ನೋಡತಾರ? ಆದ್ರ ಓಣ್ಯಾಗ ಕೇಳತಾರ. ಕೇಳಿದ್ರ ದುರ್ಗದಬೈಲ್ ಹಗೇದವ್ರು ಅಂದಬಿಡ್ರಿ. ಹೆಸರಂತೂ ಅದ ಐತಲ್ಲ.’

ಮನೆ ಇಲ್ಲ ಎಂದವರ ಜೊತೆ ಜಗಳವಾಡಿ ಗೇಟು ದಡಾರನೆ ಹಾಕಿ ಬರುವುದು ನನಗೆ ಗೊತ್ತಿತ್ತು. ಇವರು ಉಪಕಾರ ಮಾಡುತ್ತಿದ್ದರು. ಮುಖದಲ್ಲಿ ಒಂದಿಷ್ಟೂ ಕೆಟ್ಟತನವಿರಲಿಲ್ಲ, ನನ್ನ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ. ನಮ್ಮ ಮುತ್ತಜ್ಜನನ್ನು ಕೊಂದವರ ಮೊಮ್ಮಕ್ಕಳಾಗಿಬಿಡಿ, ಬಾಡಿಗೆ ಹೆಚ್ಚೇನೂ ಮಾಡುವುದಿಲ್ಲ ಎನ್ನುತ್ತಿದ್ದರು. ಆದರೆ ಬಾಗಿಲಾಚೆ ಆ ಕಟ್ಟೆ ಕಾಣುತ್ತಿತ್ತು. ಒಲ್ಲೆ ಎನ್ನಲು ನನಗೆ ಬಾಯಿ ಬರಲಿಲ್ಲ. ಅವ್ವನ ಕಡೆ ನೋಡಿದೆ.

ಅವ್ವ ಬಂದಿದ್ದ ಚಹಾವನ್ನು ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟಳು. ‘ಮನಿ ಬಾಳ ಛಲೋ ಐತ್ರಿ ಸಾಹೇಬ್ರ. ಆದ್ರ ನಮಗ ಬ್ಯಾಡ್ರಿ.’

ಅವರು ಬಹಳ ಹೇಳಿದರು. ಒಂದು ಮಾತಿಗೆ ಇಷ್ಟು ಯಾಕೆ, ಹಿರಿಯರ ಕಾಲು ನೋಡಿ ಎಂದರು. ನಾನು ನಿಂತುಕೊಂಡೇ ಅವರಿಗೆ ದೀಪದ ಕತೆ, ರೊಟ್ಟಿಯ ಕತೆ ಎಲ್ಲ ಹೇಳಿದೆ. ದನಿ ಏರಿತ್ತು. ಅವರು ಛೇ ಛೇ ಎನ್ನುತ್ತ ಕೇಳಿದರು, ಅವೆಲ್ಲ ಹಿಂದಿನ ಕಾಲದ ಮಾತು ಬಿಡಿ ಎಂದರು. ಗೇಟಿನವರೆಗೆ ಬಂದು ಬೀಳ್ಕೊಟ್ಟರು ಕೂಡ.

ಬಸ್ಸಿನಲ್ಲಿ ಹುಬ್ಬಳ್ಳಿ ಬರುವತನಕ ಬೈಯುತ್ತಲೇ ಇದ್ದೆ. ನಮ್ಮ ಬಿಲ್ಡಿಂಗಿನಲ್ಲಿ ಒಂದು ಮಹಡಿ ಏರುವಷ್ಟರಲ್ಲಿ ಅವಳು ಮೈ ಬೆವರಿ ಮೆಟ್ಟಿಲ ಮೇಲೆಯೇ ಕುಸಿದು ಕೂತಳು. ಅದನ್ನು ನೋಡಿ ನನ್ನ ಸಿಟ್ಟೆಲ್ಲ ಅವಳ ಮೇಲೇ ತಿರುಗಿತು. ಸತ್ತವನಿಗೆ ಇದರಿಂದ ಏನಾಗಬೇಕಿತ್ತು, ಆ ಒಂದು ಸುಳ್ಳನ್ನು ನಾನೇ ಹೇಳಿಕೊಂಡು ಇರುತ್ತಿದ್ದೆ, ನೀನು ಕಟ್ಟೆಯ ಮೇಲೆ ಕೂತು ಆರಾಮಾಗಿ ಇರುತ್ತಿದ್ದೆ ಎಂದು ರೇಗಿದೆ.

ಅವ್ವ ಉಸಿರು ಬರುವತನಕ ಮೊಣಕಾಲು ತಿಕ್ಕಿಕೊಂಡಳು.

‘ದೀಪ ಆರಿದ್ದು ಅಂವನೂ ನೋಡಿದ್ದ. ಒಲ್ಲೆ ಅನ್ನಾಕ ಅಂವಗ ಆಗಲಿಲ್ಲ. ನನಗ ಆತು. ಕೈ ಕೊಡು, ಏಳತೇನಿ.’