ಮುದ್ದೆಕೋಲು ಇಲ್ಲದ ಮನೆ

‘ಒಲೆ ತಣ್ಣಗಿದೆ. ಮನೆಯಲ್ಲಿ ಮುದ್ದೆಕೋಲು ಕೂಡ ಇಲ್ಲ.’ ವರದಿಯ ನಾಲ್ಕನೆಯ ಗೆರೆಯಲ್ಲಿ ನಾನು ಬರೆದಿದ್ದು ಇಷ್ಟು. ಬರೆದಾಗ ಈ ಎರಡನೆಯ ವಾಕ್ಯದ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು. ರಾಗಿಮುದ್ದೆ ತಿರುವುವ ಕೋಲು ಇಲ್ಲದ್ದನ್ನು ಬೇರೆ ಯಾರೂ ಗಮನಿಸುತ್ತಿರಲಿಲ್ಲ ಎಂದುಕೊಂಡಿದ್ದೆ.

ಅದು ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೋಗುವ ದಾರಿಯ ಒಂದು ಹಳ್ಳಿಯ ಮನೆ. ಅಲ್ಲಿ ಒಬ್ಬ ಅಜ್ಜಿ, ತಾಯಿ ತೀರಿಕೊಂಡ ಏಳು ವರ್ಷದ ಮೊಮ್ಮಗಳು. ಹುಡುಗಿ ಆಗಾಗ ಶಾಲೆ ತಪ್ಪಿಸುತ್ತಾಳೆ ಎಂದು ಶಾಲೆಯವರು ತಿಳಿಸಿದ್ದರಿಂದ ನನ್ನನ್ನು ಮನೆ ಭೇಟಿಗೆ ಕಳಿಸಿದ್ದರು. ಇಪ್ಪತ್ತು ನಿಮಿಷ ಇದ್ದೆ. ಫಾರಂನಲ್ಲಿ ‘ಸಮಸ್ಯೆಗಳು’ ಎಂಬುದಕ್ಕೆ ಹನ್ನೆರಡು ಗೆರೆಗಳಿದ್ದವು. ಹನ್ನೆರಡನ್ನೂ ತುಂಬಿಸಿದೆ. ಮಗುವನ್ನು ಬಾಲಮಂದಿರಕ್ಕೆ ಸೇರಿಸುವುದು ಸೂಕ್ತ ಎಂದು ಕೊನೆಯಲ್ಲಿ ಸಹಿ ಹಾಕಿದೆ.

ಮಕ್ಕಳ ಕಲ್ಯಾಣ ಸಮಿತಿಯ ವಿಚಾರಣೆಗೆ ಎರಡು ದಿನವಿದ್ದಾಗ ಹಾಸನದಲ್ಲಿ ನಮ್ಮಂಥ ಸಮಾಜ ಕಾರ್ಯಕರ್ತರಿಗೆ ಎರಡು ದಿನದ ತರಬೇತಿ ನಡೆಯಿತು. ಜನರ ಕೊರತೆಗಿಂತ ಮೊದಲು ಅವರ ಬಲವನ್ನು ಗುರುತಿಸಿ ಕೆಲಸ ಮಾಡುವುದು ಹೇಗೆ ಎಂಬುದು ವಿಷಯ. ಪದವಿಯಲ್ಲಿ ಓದಿದ್ದೆ, ಅಂಕವೂ ಬಂದಿತ್ತು. ಹಿಂದಿನ ಸಾಲಿನಲ್ಲಿ ಕೂತೆ.

ಕಲಿಸಲು ಬಂದಿದ್ದ ಹಿರಿಯ ಮಹಿಳೆ ಮೆಲ್ಲಗೆ ಮಾತಾಡುವವರು. “ಸಮಸ್ಯೆ ಇಲ್ಲ ಅಂತ ಬರೀರಿ ಅಂತ ನಾನು ಹೇಳ್ತಿಲ್ಲ. ಇದ್ದೂ ಇಷ್ಟು ದಿನ ಹೇಗೆ ನಿಭಾಯಿಸಿದ್ರು ಅಂತ ಕೇಳಿ” ಎಂದರು. ಎರಡನೆಯ ದಿನ, ನಮ್ಮ ಇತ್ತೀಚಿನ ವರದಿಯನ್ನು ಪಕ್ಕದವರಿಗೆ ಓದಿ ಹೇಳಬೇಕಿತ್ತು. ನನ್ನ ಪಕ್ಕ ಇದ್ದವರು ಚನ್ನರಾಯಪಟ್ಟಣದ ಆಸ್ಪತ್ರೆಯೊಂದರಲ್ಲಿ ಆಪ್ತಸಮಾಲೋಚಕರು, ನನ್ನ ತಂದೆಯ ವಯಸ್ಸು. ಪೂರ್ತಿ ಕೇಳಿಸಿಕೊಂಡರು.

“ಮಗು ಸೊರಗಿತ್ತಾ ಮೇಡಂ?”

“ಇಲ್ಲ.”

“ಹಸ್ಕೊಂಡಿತ್ತಾ?”

“ಇಲ್ಲ. ಆಡ್ತಾ ಇತ್ತು.”

“ಒಲೆ ತಣ್ಣಗೆ, ಕೋಲಿಲ್ಲ, ಮಗು ಮಾತ್ರ ಗುಂಡುಗುಂಡಗೆ. ಹಂಗಾದ್ರೆ ಮುದ್ದೆ ಏನು ಪಾರ್ಸಲ್ ಬರ್ತದಾ?”

ಮುಂದಿನ ಸಾಲಿನವರು ನಕ್ಕರು. ನಾನು ಕಾಗದ ಮಡಚಿದೆ. ಆಪ್ತಸಮಾಲೋಚಕರು ನಗಲಿಲ್ಲ. “ವಿಚಾರಣೆ ಯಾವತ್ತು?” ಎಂದು ಕೇಳಿದರು. ನಾಳೆ ಎಂದೆ.

ಮೂರು ಗಂಟೆಗೆ ತರಬೇತಿ ಮುಗಿಯಿತು. ಪ್ರಮಾಣಪತ್ರ ತೆಗೆದುಕೊಳ್ಳಲು ನಿಲ್ಲದೆ ಹೊಳೆನರಸೀಪುರದ ಬಸ್ಸು ಹತ್ತಿದೆ. ಅಲ್ಲಿಂದ ಆಟೋ.

ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. “ಬಾರವ್ವ. ಅವತ್ತು ಬರ್ಕೊಂಡೋಗಿದ್ದು ಸಾಲ್ದಾಯ್ತಾ?”

ಚೀಲದಿಂದ ಫಾರಂ ತೆಗೆಯಲಿಲ್ಲ. ಪಕ್ಕದಲ್ಲಿ ಕೂತು ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡೆ. ಬೆಳಿಗ್ಗೆ ಎದ್ದಾಗಿನಿಂದ ದಿನ ಹೇಗೆ ಹೋಗುತ್ತದೆ ಹೇಳಿ ಎಂದೆ. ಹೇಳಿದರು. ಕಸ, ನೀರು, ಹುಡುಗಿಯ ಜಡೆ. ಮಾತು ಅಡುಗೆಗೆ ಬಂದಾಗ ನಾನು ತಡೆದು, ಕೋಲು ಎಲ್ಲಿ ಎಂದು ಕೇಳಿದೆ.

“ಈ ವಾರ ಎದ್ರುಮನೇಲೈತೆ. ಮೂರು ಮನೆಗೆ ಒಂದೇ ಒಲೆ ಉರಿಯಾದು ಕಣವ್ವ, ವಾರಕ್ಕೊಬ್ರು. ಯಾರ ಸರದಿಯೋ ಅವರತ್ರ ಕೋಲು. ಮೂರು ಕಡೆ ಸೌದೆ ಯಾಕೆ ಸುಡಾದು?”

“ಅವತ್ತೇ ಹೇಳಬಹುದಿತ್ತಲ್ಲ ಅಜ್ಜಿ.”

“ನೀನು ಕೇಳಿದ್ಯಾ? ಒಲೆ ಪಟ ತಕ್ಕಂಡೆ, ಹೊಂಟೋದೆ.”

ಎದುರುಮನೆಯ ಹೆಂಗಸು ಬಾಗಿಲಿಗೆ ಬಂದು, “ಕೋಲೂ ಪಟ ತಕ್ಕಳವ್ವ, ಪಾಪ, ಅದೊಂದು ಬಿಟ್ಟೋಗಿತ್ತು” ಎಂದಳು. ಇಬ್ಬರೂ ನಕ್ಕರು.

ಶಾಲೆ ತಪ್ಪುವುದು ಮಾತ್ರ ನಿಜ. ಅಜ್ಜಿಯ ಒಂದು ಕಣ್ಣು ಮಂಜು. ಆಸ್ಪತ್ರೆಗೆ ಹೋಗುವ ದಿನ ಬಸ್ಸಿನ ಬೋರ್ಡು ಓದಲು ಮೊಮ್ಮಗಳನ್ನು ಕರೆದೊಯ್ಯುತ್ತಿದ್ದರು. ಇದನ್ನು ಬರೆಯಲೇಬೇಕು ಎಂದೆ. ಅಜ್ಜಿಯ ಕೈ ಕಾಯಿಯ ಮೇಲೆ ನಿಂತಿತು. “ಬರ್ದ್ರೆ ಕರ್ಕೊಂಡೋಯ್ತರಾ ಮಗೀನ?”

ಉತ್ತರ ಕೊಟ್ಟವಳು ಎದುರುಮನೆಯವಳು. “ಆಸ್ಪತ್ರೆಗೆ ಇನ್ಮೇಲೆ ನಾನು ಬತ್ತೀನಿ ಬುಡು. ಅದುನ್ನೂ ಬರ್ಕಳವ್ವ.”

ಬರೆದುಕೊಂಡೆ. ಅವಳು ಹೆಬ್ಬೆಟ್ಟಿನ ಬದಲು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಮರುದಿನ ಬೆಳಿಗ್ಗೆ ಸಮಿತಿಯ ಕಚೇರಿ ತೆರೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತೆ. ಹಳೆಯ ವರದಿಯನ್ನು ಹಿಂದಕ್ಕೆ ಕೇಳಲಿಲ್ಲ. ಹೊಸ ಎರಡು ಪುಟಗಳನ್ನು ಅದರ ಮೇಲೆ ಲಗತ್ತಿಸಿದೆ. ಸಭೆಗಳಲ್ಲಿ ಕೇಳಿದ್ದಕ್ಕಷ್ಟೇ ಉತ್ತರಿಸುವವಳು ನಾನು. ಅಜ್ಜಿ, ಮೊಮ್ಮಗಳು, ಎದುರುಮನೆಯವಳು ಬೆಂಚಿನಲ್ಲಿ ಕೂತಿದ್ದರು. ಹೆಸರು ಕೂಗಿದಾಗ ಅವರಿಗಿಂತ ಮೊದಲು ನಾನು ಎದ್ದು, “ನನ್ನ ಮೊದಲ ವರದಿಯ ನಾಲ್ಕನೆಯ ಗೆರೆ ತಪ್ಪು. ಅದರ ಮೇಲೆ ಮಾಡಿದ ಶಿಫಾರಸೂ ತಪ್ಪು. ಮಗು ಈ ಮನೆಯಲ್ಲೇ ಇರಬೇಕು. ಯಾಕೆ ಅಂತ ಓದುತ್ತೇನೆ” ಎಂದೆ. ಅಧ್ಯಕ್ಷರು ಕನ್ನಡಕ ಹಾಕಿಕೊಂಡು, ಓದಿ ಎಂದರು. ಓದಿದೆ.