ಆಯಿಲ್ ಲೈಟಿನ ತಂತಿ

ರಾಜು, ಆವತ್ತು ನಿನ್ನ ಕಾರಿನಲ್ಲಿ ಎಚ್ಚರಿಕೆಯ ಆಯಿಲ್ ಲೈಟು ಬರಲೇ ಇಲ್ಲ. ಬರುವುದಕ್ಕೆ ಸಾಧ್ಯವೂ ಇರಲಿಲ್ಲ — ಅದರ ತಂತಿಯನ್ನು ಕತ್ತರಿಸಿದವನು ನಾನು. ನೀನು ಮೈಮರೆತಿರಲಿಲ್ಲ, ಕಣ್ಣು ತಪ್ಪಿಸಿರಲಿಲ್ಲ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಈ ಮಾತನ್ನು ಆಸ್ಪತ್ರೆಯ ವರಾಂಡದಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಆಮೇಲೆ ನಿನ್ನ ಅಕ್ಕನನ್ನು ಮದುವೆಯಾದೆ, ನಿನಗೆ ಭಾವನಾದೆ, ನಿಮ್ಮ ಮನೆಯ ಮುದ್ದೆ ಉಂಡೆ — ಆಗಲೂ ಹೇಳಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಏಕೆಂದರೆ ನಿನಗೆ ಗೊತ್ತಿರುವುದರಲ್ಲಿ ಅರ್ಧ ಸುಳ್ಳು.

ಉರಿಗಾಂನ ಹಳೆಯ ಗಣಿ ಕಾರ್ಮಿಕರ ಸಾಲುಮನೆಗಳ ಪಕ್ಕ, ತಗಡಿನ ಶೆಡ್ಡಿನಲ್ಲಿ ನಾನು ಗ್ಯಾರೇಜ್ ಇಟ್ಟ ಹೊಸತು. ನೀನು ಕ್ಯಾಸಂಬಳ್ಳಿ ಕಡೆಯ ನಿಮ್ಮೂರಲ್ಲಿ ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಟೊಮೆಟೊ ಕ್ರೇಟುಗಳನ್ನು ಟೆಂಪೋಗೆ ಏರಿಸಿ, ಬಸ್ಸು ಹಿಡಿದು ನನ್ನ ಹತ್ತಿರ ಬರುತ್ತಿದ್ದೆ. ಮೂಲೆಯಲ್ಲಿ ನಿನ್ನ ಹಳೆಯ ಪುಟ್ಟ ಪೆಟ್ರೋಲ್ ಕಾರು. ಅದು ನಿನ್ನ ಮೊದಲನೆಯ ಕಾರು. ನನ್ನ ಕೈಯಲ್ಲಿ ವೇಗಕ್ಕೆಂದು ಸಿದ್ಧವಾಗಬೇಕಿದ್ದ ಮೊದಲನೆಯದೂ ಅದೇ. ಅದನ್ನು ರಸ್ತೆಗೆ ಬಿಟ್ಟರೆ ಕೆಜಿಎಫ್, ಬಂಗಾರಪೇಟೆ, ಕಾಮಸಮುದ್ರದ ಹುಡುಗರೆಲ್ಲ ನನ್ನ ಶೆಡ್ಡಿನ ಮುಂದೆ ಸಾಲು ನಿಲ್ಲುತ್ತಾರೆ ಎಂದು ನಾನು ಕನಸು ಕಾಣುತ್ತಿದ್ದೆ. ನಿನ್ನ ಕಾರು ನನಗೆ ಕಾರಾಗಿರಲಿಲ್ಲ ರಾಜು, ನನ್ನ ಅಂಗಡಿಯ ಬೋರ್ಡಾಗಿತ್ತು.

ಎಂಜಿನ್ನಿಗೆ ಏನೇನು ಹಾಕುವುದು ಎಂದು ನಾವು ಎಷ್ಟು ಕಿತ್ತಾಡಿದೆವು! ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಣ್ಣು ಕೆಂಪಾಗಿತ್ತು. ನೀನು ಚಿಕ್ಕವನಾದರೂ ಸರಿಯಾದ ಮಾತನ್ನೇ ಆಡಿದ್ದೆ. ಅದು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ನಾಗಣ್ಣ, ಮೊದ್ಲು ಕೆಳಗಡೆ ಬಿಚ್ಚಿ ನೋಡಾನ. ಬೇರಿಂಗು, ಆಯಿಲ್ ಪಂಪು ಗಟ್ಟಿಯಾಗಿದ್ರೆ ತಾನೆ ಮೇಲ್ಗಡೇದು?"

ನಾನು ನಕ್ಕುಬಿಟ್ಟೆ. "ಲೇ, ಕೆಳಗಡೇದು ಯಾವನಿಗ್ ಕಾಣ್ತದಲಾ? ಬೇರಿಂಗ್ ತೋರ್ಸಕ್ಕೆ ಕಾರ್ ಮಾಡ್ತೀಯಾ? ಸೌಂಡು ಬರ್ಬೇಕು, ಎಳೀಬೇಕು — ಅಷ್ಟೇ ಕಣ್ಲಾ."

ನೀನೂ ನಕ್ಕೆ. ನನ್ನ ಮೇಲೆ ನಿನಗೆ ನಂಬಿಕೆ. ಹೊಗೆ ಸಲೀಸಾಗಿ ಹೋಗುವ ಹಾಗೆ ಹೊಸ ಪೈಪು, ಸೈಲೆನ್ಸರು ಹಾಕಿದೆ. ಹೆಚ್ಚು ಗಾಳಿ ಎಳೆಯುವ ಫಿಲ್ಟರ್ ಹಾಕಿದೆ. ವಾಲ್ವುಗಳು ಹೆಚ್ಚು ತೆರೆಯಲೆಂದು ಕ್ಯಾಮ್ ಬದಲಾಯಿಸಿದೆ. ಎಂಜಿನ್ನಿನ ಹೆಡ್ಡನ್ನು ಬಂಗಾರಪೇಟೆಗೆ ಒಯ್ದು, ಒತ್ತಡ ಹೆಚ್ಚಲಿ ಎಂದು ಹೆರೆಸಿಕೊಂಡು ಬಂದೆ. ಒಂದೊಂದೂ ಎಂಜಿನ್ನಿನ ಬಲ ಹೆಚ್ಚಿಸುವಂಥದ್ದೇ. ಒಂದೊಂದರ ಭಾರವೂ ಕೊನೆಗೆ ಬೀಳುವುದು ಆ ಕೆಳಗಿನ ಬೇರಿಂಗುಗಳ ಮೇಲೆಯೇ — ಅದು ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ. ಗೊತ್ತಿತ್ತು. ಮೇಲೆ ಥಳುಕು ಒಳಗೆ ಹುಳುಕು ಅನ್ನುತ್ತಾರಲ್ಲ, ಆ ಗಾದೆಗೆ ನಾನು ನಾಲ್ಕು ಚಕ್ರ ಹಾಕಿ ನಿಲ್ಲಿಸಿದೆ.

ಎಲ್ಲ ಜೋಡಿಸಿ, ನೀನಿಲ್ಲದಾಗ ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದೆ. ಎಂಜಿನ್ ಕಾದಿತ್ತು. ಸುಮ್ಮನೆ ನಿಂತು ಗುರುಗುಟ್ಟುತ್ತಿದ್ದಾಗ ಸ್ಟೇರಿಂಗ್ ಹಿಂದೆ ಆಯಿಲ್ ಲೈಟು ಮಿಣುಕಿತು. ಆರಿತು. ಮತ್ತೆ ಮಿಣುಕಿತು. ಬೇರಿಂಗು ಸವೆದಿವೆ, ಆಯಿಲ್ಲಿನ ಒತ್ತಡ ನಿಲ್ಲುತ್ತಿಲ್ಲ ಎಂದು ಅದು ನನಗೆ ಹೇಳುತ್ತಿತ್ತು. ಮಾಡಬೇಕಾದದ್ದು ಒಂದೇ — ಎಲ್ಲ ಬಿಚ್ಚಿ, ನೀನು ಮೊದಲೇ ಹೇಳಿದ ಕಡೆಯಿಂದ ಶುರು ಮಾಡುವುದು. ಆದರೆ ಹಾಗೆ ಮಾಡಿದರೆ ನಿನ್ನ ಮುಂದೆ ಒಪ್ಪಿಕೊಳ್ಳಬೇಕಿತ್ತು. ನಿನ್ನೆ ಮೊನ್ನೆ ಸ್ಪ್ಯಾನರ್ ಹಿಡಿಯುವುದನ್ನು ನನ್ನಿಂದ ಕಲಿತವನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂದು…

ಬಾಯಿ ಬರಲಿಲ್ಲ. ಆಯಿಲ್ ಲೈಟಿನ ತಂತಿ ಕತ್ತರಿಸಿ ಬ್ಯಾಟರಿ ಲೈಟಿನ ತಂತಿಗೆ ಸೇರಿಸಿದೆ. ಕೀ ತಿರುಗಿಸಿದರೆ ಎರಡೂ ಒಟ್ಟಿಗೆ ಹತ್ತುತ್ತವೆ, ಎಂಜಿನ್ ಶುರುವಾದರೆ ಎರಡೂ ಒಟ್ಟಿಗೆ ಆರುತ್ತವೆ. ನೋಡಿದವರಿಗೆ ಎಲ್ಲ ಸರಿ. ಕಳ್ಳತನದಲ್ಲೂ ಅಚ್ಚುಕಟ್ಟು ನನ್ನದು. ಸ್ವಲ್ಪ ದಿನ ಓಡಿಸಲಿ, ಆಮೇಲೆ ಏನೋ ನೆಪ ಹೇಳಿ ಕಾರು ತರಿಸಿ ಬೇರಿಂಗ್ ಹಾಕಿದರಾಯಿತು — ಹಾಗೆಂದುಕೊಂಡೆ. ಈ 'ಆಮೇಲೆ' ಎಂಬ ಮಾತು ನನ್ನನ್ನು ಹಾಳು ಮಾಡಿತು. ನನ್ನನ್ನಲ್ಲ — ನಿನ್ನನ್ನು. ನಿನ್ನ ಅಕ್ಕ ಮಂಜುಳಾಳನ್ನು.

ಅವಳು ಆಗ ಓಡುತ್ತಿದ್ದಳು. ಪೊಲೀಸ್ ಕಾನ್‌ಸ್ಟೇಬಲ್ ಕೆಲಸದ ಲಿಖಿತ ಪರೀಕ್ಷೆ ಪಾಸಾಗಿ, ಓಟದ ಪರೀಕ್ಷೆಗೆಂದು ದಿನಾ ನಸುಕಿನಲ್ಲಿ ನಿಮ್ಮೂರ ಕೆರೆ ಏರಿಯ ಮೇಲೆ ಓಡುತ್ತಿದ್ದಳು. ಊರಿನವರು ಆಡಿಕೊಂಡರೂ ಬಿಡಲಿಲ್ಲ. ನನಗೆ ಅವಳ ಮೇಲೆ ಆಗಲೇ ಮನಸ್ಸಿತ್ತು, ಇದನ್ನೂ ನಿನಗೆ ಹೇಳಿರಲಿಲ್ಲ. ಆ ಓಟದ ದಿನ ನೀನು ಹೆಮ್ಮೆಯಿಂದ ಅಕ್ಕನನ್ನು ನಿನ್ನ ಹೊಸ ಹಳೆಯ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಶೆಡ್ಡಿನ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದೆ.

"ನಾಗಣ್ಣಾ, ಇವ್ನ ಕಾರ್‌ಗಿಂತ ನಾನೇ ಬಿರ್ನೆ ಓಡ್ತೀನಿ, ಹೇಳು ಇವ್ನಿಗೆ!" ಎಂದು ಅವಳು ಕಿಟಕಿಯಿಂದ ಕೂಗಿದಳು.

ನಾನು ಕೈ ಬೀಸಿದೆ. ಒಂದು ಮಾತು — ಬಸ್ಸಿಗೆ ಹೋಗಿ, ಇವತ್ತು ಕಾರು ಬೇಡ — ಅಷ್ಟು ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಎಂದರೆ ನೀನು ನಂಬುವುದಿಲ್ಲ. ನಂಬಬೇಡ. ಬಂದದ್ದೂ ಬಾರದಿದ್ದದ್ದೂ ಒಂದೇ ಆಯಿತಲ್ಲ.

ಉರಿಗಾಂ ದಾಟಿ ಬಂಗಾರಪೇಟೆ ಕಡೆಗೆ ನೀನು ವೇಗ ಏರಿಸಿದಾಗ ಎಂಜಿನ್ ಆಯಿಲ್ ಸಿಗದೆ ಒಣಗಿ ಹಿಡಿದುಕೊಂಡಿತು. ಮುಂದಿನ ಚಕ್ರಗಳು ಲಾಕ್ ಆಗಿ ಕಾರು ಜಾರಿ ಹುಣಸೆ ಮರಕ್ಕೆ ಗುದ್ದಿತು. ನಿನಗೆ ಹಣೆಯ ಗಾಯ ಮಾತ್ರ. ಅವಳ ಬಲಗಾಲು ಪಾದದಿಂದ ಮೇಲಕ್ಕೆ ನುಜ್ಜುಗುಜ್ಜಾಯಿತು.

ಆಸ್ಪತ್ರೆಯ ವರಾಂಡ ನಿನಗೆ ಮರೆತಿರಲಿಕ್ಕಿಲ್ಲ. ಕಾರನ್ನು ಎಳೆದು ತಂದ ಟೋಯಿಂಗ್ ವ್ಯಾನಿನವನು ಬಂದು, "ಆಯಿಲ್ ಪ್ರೆಷರ್ ಇಲ್ಲಾಮ ಓಟ್ಟಿಟ್ಟಾನ್ ಪಾ, ಎಂಜಿನ್ ಪೋಯಿಡುಚ್ಚು" ಎಂದ. ಆಯಿಲ್ ಒತ್ತಡ ಇಲ್ಲದೆ ಓಡಿಸಿದ್ದಾನೆ, ಎಂಜಿನ್ ಹೋಯಿತು ಎಂದು. ತಮಿಳು ನಿಮ್ಮಪ್ಪನಿಗೂ ಅರ್ಥವಾಗುತ್ತದೆ. ಅವರು ನಿನ್ನ ಕಡೆ ತಿರುಗಿದರು.

"ಆಯಿಲ್ ಇಲ್ದಿದ್ರೆ ಲೈಟ್ ಬತ್ತದಲ್ವೇನ್ಲಾ? ನೋಡ್ನಿಲ್ವಾ?"

ನೀನು, "ಗೊತ್ತಿಲ್ಲಪ್ಪ… ನಂಗ್ ಕಾಣ್ನಿಲ್ಲ" ಎಂದೆ. ಆಮೇಲೆ ನನ್ನ ಮುಖ ನೋಡಿದೆ. ಕಾರು ಮಾಡಿದವನು ನಾನಲ್ಲವೇ, ನಾನೇ ಹೇಳಬೇಕು. "ನಾಗಣ್ಣ, ಲೈಟ್ ಬಂದಿರ್ತದಾ?"

"ಬಂದಿರ್ತದೆ" ಎಂದೆ ನಾನು.

ಒಂದೇ ಮಾತು. ಮಾತು ಆಡಿದರೆ ಹೋಯಿತು. ನಿಮ್ಮಪ್ಪ ಎಲ್ಲರೆದುರಿಗೂ ನಿನ್ನ ಕಪಾಳಕ್ಕೆ ಹೊಡೆದರು. ಬಾಗಿಲ ಆಚೆ ಮಂಚದ ಮೇಲೆ ಮಲಗಿದ್ದ ಮಂಜುಳಾಗೆ ಎಲ್ಲ ಕೇಳಿಸಿತು. ನಾನು ಕೈಯಲ್ಲಿ ಟೀ ಲೋಟ ಹಿಡಿದು ನಿಂತಿದ್ದೆ. ಆ ಟೀಯನ್ನು ಕುಡಿದೂ ಬಿಟ್ಟೆ.

ಆ ಮೇಲೆ ಕಾರನ್ನು ನನ್ನ ಶೆಡ್ಡಿಗೇ ಎಳೆಸಿಕೊಂಡೆ. 'ಪಾಪ, ಎಷ್ಟು ಒಳ್ಳೆಯವನು, ಎಲ್ಲ ತಾನೇ ನೋಡಿಕೊಳ್ಳುತ್ತಿದ್ದಾನೆ' ಎಂದರು. ನಾನು ಮೊದಲು ಮಾಡಿದ್ದು ಆ ತಂತಿಗಳನ್ನು ಕಿತ್ತು ಎಸೆದದ್ದು, ಆಮೇಲೆ ಕಾರನ್ನು ಗುಜರಿಗೆ ಹಾಕಿದ್ದು. ದಿನಾ ಆಸ್ಪತ್ರೆಗೆ ಊಟ ಒಯ್ದೆ. ಮಂಜುಳಾ ಕೋಲು ಹಿಡಿದು ನಡೆಯುವುದನ್ನು ಕಲಿತಾಗ ಪಕ್ಕದಲ್ಲಿದ್ದೆ. ನಿಮ್ಮಪ್ಪ ಹಿಂಜರಿಯುತ್ತ ಮದುವೆಯ ಮಾತು ತೆಗೆದಾಗ ಮರುಮಾತಾಡದೆ ಒಪ್ಪಿದೆ. ಪ್ರೀತಿಯೋ, ಪ್ರಾಯಶ್ಚಿತ್ತವೋ — ಕೇಳಿಕೊಂಡಷ್ಟೂ ಉತ್ತರ ಸಿಗುವುದಿಲ್ಲ. ಪ್ರೀತಿ ಇತ್ತು, ಇದೆ. ಅದರ ಮೇಲೆ ಆಣೆ ಇಡುವ ಯೋಗ್ಯತೆ ನನಗಿಲ್ಲ. ಮದುವೆಯ ದಿನ ನಿಮ್ಮಪ್ಪನಿಗೆ ಮೊಣಕಾಲು ನೋವೆಂದು ನೀನೇ ಕೂತು ನನ್ನ ಕಾಲು ತೊಳೆದೆ. ನಿನ್ನ ಹಣೆಯ ಗಾಯದ ಗುರುತು ನನಗೆ ಮೇಲಿನಿಂದ ಕಾಣುತ್ತಿತ್ತು. ಆಗ ಕಾಲು ಎಳೆದುಕೊಳ್ಳಬೇಕು ಅನ್ನಿಸಿತು, ಎಳೆದುಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ನಾನು ಸಿಕ್ಕಿಬಿದ್ದೆ, ರಾಜು. ಬಾಯಲ್ಲಿ ಬಿಸಿತುಪ್ಪ. ಹೇಳಿದರೆ ಹೆಂಡತಿ ಹೋಗುತ್ತಾಳೆ, ಹೇಳದಿದ್ದರೆ ಅವಳ ತಮ್ಮ ಹೋಗುತ್ತಾನೆ — ಆಗಲೇ ಹೋಗಿದ್ದ. ಅವಳು ನಿನ್ನ ಜೊತೆ ಒಂದೆರಡು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ. ಜಗಳವಾಡಿದ್ದರೂ ಆಗುತ್ತಿತ್ತು. ಅವಳು ನಿನ್ನ ಮುಖವನ್ನೇ ನೋಡುತ್ತಿರಲಿಲ್ಲ. ಡೈರಿಯ ಮುಂದೆ ಹಾಲು ಹಾಕುವವರು ನಿನಗೆ 'ಲೈಟ್ ರಾಜ' ಎಂದು ಹೆಸರಿಟ್ಟರು, ನೀನು ಅದಕ್ಕೂ ಓಗೊಟ್ಟೆ. ಇಷ್ಟು ವರ್ಷಗಳಲ್ಲಿ ನೀನು ಸ್ಟೇರಿಂಗ್ ಮುಟ್ಟಲಿಲ್ಲ. ಒಮ್ಮೆ ನಾವಿಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದೆವು. ನೀನು ಡ್ರೈವರ್ ಹಿಂದಿನ ಸೀಟೇ ಬೇಕೆಂದು ಹೋಗಿ ಕೂತೆ. ದಾರಿಯುದ್ದಕ್ಕೂ ಅವನ ಮುಂದಿನ ಲೈಟುಗಳನ್ನು ನೋಡುತ್ತಿದ್ದೆ. ಒಂದು ಸ್ಟಾಪಿನಲ್ಲಿ ಬಸ್ಸು ನಿಂತಾಗ, "ಅಣ್ಣ, ಅದೇನೋ ಕೆಂಪುಗ್ ಬತ್ತಾ ಐತೆ, ನೋಡ್ಕೊಳಿ" ಎಂದೆ. ಡ್ರೈವರ್, "ಹ್ಯಾಂಡ್‌ಬ್ರೇಕ್ ಕಣಪ್ಪಾ ಅದು, ನೀನ್ ಸುಮ್ಕಿರು" ಎಂದು ಬೈದ. ಬಸ್ಸಿನವರೆಲ್ಲ ನಕ್ಕರು. ನೀನೂ ನಕ್ಕೆ. ನಾನು ಇಳಿಯುವವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಈಗ ನನ್ನ ಗ್ಯಾರೇಜು ಬಂಗಾರಪೇಟೆಯಲ್ಲಿದೆ. ಮೊದಲ ಕಾರಿಗೆ ವೇಗ ಬೇಕೆಂದು ಬರುವವರಿಗೆಲ್ಲ ನಾನು ಉಪದೇಶ ಮಾಡುತ್ತೇನೆ — ಮೊದಲು ಬ್ರೇಕು, ಟೈರು ನೋಡಿ. ಎಂಜಿನ್ನಿನ ಕೆಳಭಾಗ ಬಿಚ್ಚಿಸಿ. ಅದು ಗಟ್ಟಿಯಿದ್ದರೆ ಮಾತ್ರ ಮೇಲಿನದರ ಮಾತು. 'ಬಲು ಜಾಗ್ರತೆಯ ಮನುಷ್ಯ' ಎಂದು ನನಗೆ ಹೆಸರು. ನಿನ್ನ ಮಾತುಗಳನ್ನೇ ನನ್ನವೆಂದು ಹೇಳಿಕೊಂಡು ಅನ್ನ ತಿನ್ನುತ್ತಿದ್ದೇನೆ.

ನಮ್ಮ ಮಗಳು ಗೌರಿಯ ಕಿವಿ ಚುಚ್ಚಿಸುವ ಮಾತು ಬಂದಾಗ ಎಲ್ಲ ಮುಗಿಯಿತು. ನಮ್ಮಲ್ಲಿ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ, ಅದರಲ್ಲಿ ಎರಡು ಮಾತಿಲ್ಲ. ಮಂಜುಳಾ ಎರಡು ಮಾತು ತಂದಳು. "ದೊಡ್ಡಪ್ಪನ ಮಗ ಕೂತ್ಕಳ್ಳಿ. ನನ್ ಕಾಲ್ ಕಾಪಾಡ್ದೆ ಇದ್ದೋನ್ ಕೈಗೆ ನನ್ ಮಗೀನ ಕೊಡಲ್ಲ" ಎಂದಳು. ನಾನು ನಿನ್ನ ಹತ್ತಿರ ಬಂದು ತಡವರಿಸಿಕೊಂಡು ಹೇಳಿದೆ. ನೀನು ಸಿಟ್ಟಾಗುತ್ತೀಯ ಎಂದು ಆಸೆ ಪಟ್ಟಿದ್ದೆ.

"ನ್ಯಾಯಾನೇ ಬಾವ" ಎಂದೆ ನೀನು. "ನಂಗೇ ನನ್ ಕಣ್ ಮೇಲೆ ನಂಬ್ಕೆ ಇಲ್ಲ."

ಮೊನ್ನೆ ನೀನು ಮಗುವಿಗೆ ಓಲೆ ತಂದು, ಒಳಗೆ ಬಾ ಎಂದರೂ ಬಾರದೆ, ಹೊಸ್ತಿಲ ಮೇಲಿಟ್ಟು ಹೊರಟುಹೋದೆ. ಗೌರಿ "ಮಾಮಾ" ಎಂದು ಹಿಂದೆ ಓಡಿದಳು. ಮಂಜುಳಾ ಅವಳನ್ನು ಕೂಗಿ ಕರೆದಳು, ತನಗೆ ಓಡಿ ಹಿಡಿಯಲು ಆಗುವುದಿಲ್ಲವಲ್ಲ. ಮಗು ನಿನ್ನ ಹಿಂದೆ ಓಡುತ್ತಿದೆ, ನೀನು ತಿರುಗದೆ ನಡೆಯುತ್ತಿದ್ದೀಯ, ಅವಳು ಗೋಡೆ ಹಿಡಿದು ನಿಂತಿದ್ದಾಳೆ. ಮೂವರನ್ನೂ ಹೀಗೆ ನಿಲ್ಲಿಸಿದವನು ನಾನು. ಇನ್ನು ತಡೆಯಲು ಆಗಲಿಲ್ಲ.

ಇವತ್ತು ಬೆಳಿಗ್ಗೆ ಮಂಜುಳಾಗೆ ಹೇಳಿದೆ. ತಂತಿ, ವರಾಂಡ, ಗುಜರಿ — ಎಲ್ಲ. ಅವಳು ಕೇಳಿದಳು:

"ಆವತ್ತು ಅಪ್ಪ ಅವ್ನಿಗೆ ಹೊಡ್ದಾಗ ನೀನ್ ಅಲ್ಲೇ ಇದ್ದೆ ಅಲ್ವಾ?"

"ಇದ್ದೆ."

"ಅವ್ನಿಗೆ ಗೊತ್ತಾ?"

"ಇಲ್ಲ."

ಅವಳು ಎದ್ದು ಮಗುವಿಗೆ ಚಪ್ಪಲಿ ಹಾಕಿದಳು. "ನಾನ್ ಮೊದ್ಲು ಅವ್ನತ್ರ ಓಗ್ಬೇಕು. ನಿನ್ ವಿಚಾರ ಆಮೇಲೆ. ನೀನ್ ಬರ್ಬೇಡ" ಎಂದು ಬಸ್ ಸ್ಟ್ಯಾಂಡಿನ ಕಡೆ ಕಾಲೆಳೆಯುತ್ತ ಹೋದಳು. ಹಿಂದಿರುಗಿ ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಬಾಯಿ ನನಗಿರಲಿಲ್ಲ.

ಅವಳು ನಿನ್ನ ಮುಂದೆ ಕೈ ಮುಗಿದರೆ ಆ ಕೈ ಹಿಡಿದುಕೊ, ರಾಜು. ಅವಳದೇನೂ ತಪ್ಪಿಲ್ಲ. ಗೌರಿಯನ್ನು ನೀನೇ ತೊಡೆಯ ಮೇಲೆ ಕೂರಿಸಿಕೊ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಗುಣ ನನಗೆ ಗೊತ್ತು. ಅದನ್ನು ಮತ್ತೊಮ್ಮೆ ಬಳಸಿಕೊಳ್ಳಲಾರೆ.

ಆದರೆ ಮನೆಯೊಳಗೆ ಹೇಳಿದರೆ ಮುಗಿಯುವುದಿಲ್ಲ. ನಿನಗೆ ಹೆಸರಿಟ್ಟವರು ಊರಿನವರು. ನಾಳೆ ಬೆಳಗಿನ ಮೊದಲ ಬಸ್ಸಿಗೆ ನಿಮ್ಮೂರಿಗೆ ಬರುತ್ತೇನೆ. ಡೈರಿಯ ಮುಂದೆ ಎಲ್ಲರೂ ಕ್ಯಾನು ಹಿಡಿದು ಸಾಲು ನಿಂತಿರುವಾಗ, ನಿಮ್ಮಪ್ಪನೂ ಇರುವಾಗ, ಗಟ್ಟಿಯಾಗಿ ಹೇಳುತ್ತೇನೆ. ಅವರು ಏನು ಮಾಡುತ್ತಾರೋ ಮಾಡಲಿ. ನೀನು ಬರಲೇಬೇಕೆಂದೇನಿಲ್ಲ. ಬಂದರೆ ಮಾತ್ರ ಸಾಲಿನ ಹಿಂದೆ ನಿಲ್ಲಬೇಡ, ನನ್ನೆದುರು ಬಂದು ನಿಲ್ಲು. ನಿನ್ನ ಮುಖ ನೋಡಿಯೇ ಹೇಳುತ್ತೇನೆ.